ಎರಡು ಇಂಚು ಎತ್ತರಿಸಿದ ಜಿಮ್ನಿಗೆ ಮುಂದಿನ ಶಾಫ್ಟ್ ಬದಲಿಸಲೇಬೇಕೇ? ಸಹಾಯ ಬೇಕು

ಸದಸ್ಯರೆಲ್ಲರಿಗೂ ನಮಸ್ಕಾರ. ಸಕಲೇಶಪುರದ ಬಳಿಯ ನಮ್ಮ ತೋಟದ ದಾರಿಯಲ್ಲಿ ಮಳೆಗಾಲದಲ್ಲಿ ಆಳವಾದ ಕೊರಕಲು ಬೀಳುವುದರಿಂದ, ಐದು ಬಾಗಿಲಿನ ಮಾರುತಿ ಜಿಮ್ನಿಗೆ (ಜೀಪಿನಂಥ ಗಾಡಿ) ಎರಡು ಇಂಚು ಎತ್ತರಿಸುವ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಹಾಕಿಸಿದ್ದೇನೆ. ಟೈರ್ ಮೂಲ ಅಳತೆಯದೇ, 195/80 ಆರ್15.

ಗಾಡಿ ಮೇಲೇರಿದಾಗ ಮುಂದಿನ ಇಡಿ ಆಕ್ಸಲ್ ತುಸು ತಿರುಗಿ ಕ್ಯಾಸ್ಟರ್ ಕೋನ (ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗಿ, ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುತ್ತಿರಲಿಲ್ಲ. ಕ್ಯಾಸ್ಟರ್ ತಿದ್ದುವ ಬುಷ್ ಹಾಕಿಸಿದ ಮೇಲೆ ಅದು ಸರಿಹೋಯಿತು. ಆದರೆ ಈಗ 4ಎಚ್‌ನಲ್ಲಿ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವಾಗ) ನೆಲದಡಿಯಿಂದ ನಡುಕ ಬರುತ್ತಿದೆ, 2ಎಚ್‌ನಲ್ಲಿ (ಹಿಂದಿನ ಚಕ್ರಗಳಿಗೆ ಮಾತ್ರ ಹೋಗುವಾಗ) ಇಲ್ಲ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿಯೂ ನಿಂತಿಲ್ಲ, ಮುಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್‌ಗಳಲ್ಲಿ (ಬಾಗುವ ಕೀಲುಗಳಲ್ಲಿ) ಸಡಿಲವೂ ಕಂಡಿಲ್ಲ.

ನನ್ನ ಗೊಂದಲ ಇಷ್ಟು. ಬುಷ್ ಆಕ್ಸಲನ್ನು ಹಿಂದಕ್ಕೆ ತಿರುಗಿಸಿದಷ್ಟೂ ಡಿಫರೆನ್ಷಿಯಲ್‌ನ ಪಿನಿಯನ್ (ಶಾಫ್ಟ್ ಬಂದು ಸೇರುವ ಗೇರ್) ಕೆಳಮುಖವಾಗಿ ಜಾಯಿಂಟಿನ ಕೋನ ಹೆಚ್ಚುತ್ತದೆ. ಸ್ಟೀರಿಂಗಿಗೆ ಒಳ್ಳೆಯದಾದದ್ದೇ ಶಾಫ್ಟಿಗೆ ಕೆಡುಕಾಗುತ್ತಿದೆ. ಒಬ್ಬ ಮೆಕ್ಯಾನಿಕ್ ಡಬಲ್ ಕಾರ್ಡನ್ ಜಾಯಿಂಟಿನ (ಎರಡು ಕೀಲು ಜೋಡಿಸಿದ, ಹೆಚ್ಚು ಕೋನ ತಾಳುವ) ಶಾಫ್ಟ್ ಬೇಕೇ ಬೇಕು ಎನ್ನುತ್ತಾರೆ. ಮತ್ತೊಬ್ಬರು ಸ್ಪೇಸರ್ ಕೊಟ್ಟು ಟ್ರಾನ್ಸ್‌ಫರ್ ಕೇಸನ್ನು (ಮುಂದಿನ, ಹಿಂದಿನ ಆಕ್ಸಲಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಕೆಳಗಿಳಿಸಿದರೆ ಸಾಕು ಎನ್ನುತ್ತಾರೆ. ಆದರೆ ಕೊರಕಲು ದಾಟಲೆಂದೇ ಪಡೆದ ಎತ್ತರವನ್ನು ಗಾಡಿಯ ನಡುಭಾಗದಲ್ಲಿ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಎರಡೇ ಇಂಚು ಎತ್ತರಿಸಿದ ಜಿಮ್ನಿಯನ್ನು ವರ್ಷಗಟ್ಟಲೆ ಓಡಿಸಿದವರು ದಯವಿಟ್ಟು ತಿಳಿಸಿ: ಕಡಿಮೆ ತಿದ್ದುವ ಬುಷ್ ಹಾಕಿ ಮೂಲ ಶಾಫ್ಟನ್ನೇ ಉಳಿಸಿಕೊಳ್ಳಬಹುದೇ, ಅಥವಾ ಡಬಲ್ ಕಾರ್ಡನ್ ಶಾಫ್ಟ್ ಅನಿವಾರ್ಯವೇ?