‘ತಾಳೆ ಆಗಲಿಲ್ಲ’ ಅಂದರೆ ಯಾರದೋ ತಪ್ಪು ಅಂತಲೇ?

ಎಲ್ಲರಿಗೂ ನಮಸ್ಕಾರ.

ಕಲಬುರಗಿಯ ತಲೆಸುತ್ತಿನ ರೋಗಿಗಳಿಗಾಗಿ ಒಂದು ಪುಟದ ತಿಳಿವಳಿಕೆ ಹಾಳೆ ಬರೆಯುತ್ತಿದ್ದೇನೆ. ಎರಡು ದಿನದಿಂದ ಒಂದೇ ಪದದ ಹತ್ತಿರ ನಿಂತಿದ್ದೇನೆ. ಒಳಕಿವಿಯ ಪರೀಕ್ಷೆಯನ್ನು ಎರಡು ಲ್ಯಾಬ್‌ಗಳಲ್ಲಿ ಮಾಡಿಸಿದರೂ ಫಲಿತಾಂಶ ಒಂದೇ ತೆರ ಬರಬೇಕು ಅಲ್ವಾ? ಆ ‘ಕನ್ಸಿಸ್ಟೆನ್ಸಿ’ಗೆ ಕನ್ನಡದಲ್ಲಿ ಏನನ್ನೋಣ? ‘ಸುಸಂಗತತೆ’ ನನ್ನ ನಾಲಿಗೆಗೇ ಹೊರಳುವುದಿಲ್ಲ. ಮೊದಲು ಹೊಳೆದದ್ದು ‘ತಾಳೆ’. ಕಿರಾಣಿ ಅಂಗಡಿಯವರಿಗೂ ಗೊತ್ತಿರುವ ಮಾತು.

ಅದರ ತೊಡಕು ತಿಳಿದದ್ದು ನಮ್ಮ ದೊಡ್ಡವ್ವನಿಂದ. ಅವರಿಗೆ ಕ್ಯಾಲೊರಿಕ್ ಟೆಸ್ಟ್ ಎರಡು ಸಲ ಆಯಿತು, ಒಮ್ಮೆ ಇಲ್ಲಿ, ಒಮ್ಮೆ ಹೈದರಾಬಾದಿನಲ್ಲಿ. ಕಿವಿಗೆ 30 ಡಿಗ್ರಿಯ ತಣ್ಣನೆ ನೀರು, ಆಮೇಲೆ 44 ಡಿಗ್ರಿಯ ಬೆಚ್ಚನೆ ನೀರು ಬಿಟ್ಟು, ಕಣ್ಣುಗುಡ್ಡೆ ಎಷ್ಟು ವೇಗದಲ್ಲಿ ಸರಿಯುತ್ತದೆ ಎಂದು ಅಳೆಯುತ್ತಾರೆ. ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸವನ್ನು ಶೇಕಡಾದಲ್ಲಿ ಬರೆಯುತ್ತಾರೆ. ಎರಡೂ ಕಡೆ ಬಂದದ್ದು 22. ಆದರೆ ಒಂದರಲ್ಲಿ ‘ನಾರ್ಮಲ್’, ಇನ್ನೊಂದರಲ್ಲಿ ‘ಬಲಗಿವಿ ವೀಕ್’! ಒಂದು ಲ್ಯಾಬ್ 25ಕ್ಕೆ ಗೆರೆ ಎಳೆದಿತ್ತು, ಇನ್ನೊಂದು 20ಕ್ಕೆ. ಆರೋಗ್ಯವಂತರನ್ನು ಅಳೆದು ಲ್ಯಾಬ್‌ನವರು ತಮ್ಮ ಗೆರೆ ತಾವೇ ಹಾಕಿಕೊಳ್ಳುವುದುಂಟು.

ನಾನು ಸುಮ್ನೆ “ತಾಳೆ ಆಗ್ತಿಲ್ಲ” ಎಂದೆ. ದೊಡ್ಡವ್ವ ತಟ್ಟನೆ ಎದ್ದು ಕೂತರು: “ಹಂಗಾದ್ರ ಯಾರು ಮೋಸ ಮಾಡ್ಯಾರ?”

ನೋಡಿ, ಲೆಕ್ಕ ತಾಳೆ ಆಗದಿದ್ದರೆ ಯಾರದೋ ಕೈ ತಪ್ಪಿದೆ ಎಂದೇ ನಮ್ಮ ಕಡೆ ಅರ್ಥ. ಇಲ್ಲಿ ಯಾರೂ ತಪ್ಪಿಲ್ಲ. ಕಚ್ಚಾ ಸೇರು, ಪಕ್ಕಾ ಸೇರು ಇದ್ದ ಹಾಗೆ. ಕಾಳು ಅಷ್ಟೇ, ಸೇರು ಬೇರೆ.

ದೊಡ್ಡವ್ವನಿಗೆ ಎರಡೂ ಕಡೆ 22 ಬಂತು ನಿಜ, ಆದರೆ ಅಳತೆಯೇ ಬೇರೆಯಾಗುವುದೂ ಇದೆ. ಒಂದು ಕಡೆ ದೊಡ್ಡವ್ವನಿಗೆ “ಊರಿನ ಹೆಸರು ಹೇಳ್ತಾ ಇರಿ” ಅಂದಿದ್ದರಂತೆ. ಆಳಂದ, ಅಫಜಲಪುರ, ಗಾಣಗಾಪುರ ಅಂತ ಬೀಗರ ಊರೆಲ್ಲ ಮುಗಿಸಿದ್ದಾರೆ. ಇನ್ನೊಂದು ಕಡೆ ಯಾರೂ ಮಾತಾಡಿಸಲಿಲ್ಲ, ಜೋಂಪು ಹತ್ತಿತ್ತು. ಮನಸ್ಸು ಎಚ್ಚರವಿಲ್ಲದಿದ್ದರೆ ಕಣ್ಣಿನ ಆ ಓಟ ತಗ್ಗುತ್ತದೆ. ತಲೆಸುತ್ತಿನ ಕೆಲವು ಮಾತ್ರೆಗಳಿಂದಲೂ ಹಾಗಾಗುತ್ತದೆ. ಅದಕ್ಕೇ ಮೊದಲೇ ಡಾಕ್ಟರನ್ನು ಕೇಳಿ ನಿಲ್ಲಿಸಬೇಕು.

ಹಾಗಾಗಿ ಅಳತೆ ಹೊಂದುವುದಕ್ಕೆ ‘ಹೊಂದಿಕೆ’, ಗೆರೆ ಒಂದೇ ಆಗಿರುವುದಕ್ಕೆ ‘ಒಂದೇ ಮಟ್ಟ’ ಎಂದು ಎರಡು ಮಾತು ಮಾಡಿದ್ದೇನೆ. ಸರಿಯೇ? ‘ಏಕರೂಪತೆ’ ಎನ್ನುವವರು ದಯವಿಟ್ಟು ಒಮ್ಮೆ ದೊಡ್ಡವ್ವನ ಮುಂದೆ ಓದಿ ನೋಡಿ.

ಇನ್ನೊಂದು. ‘ವೀಕ್’ಗೆ ‘ಮಂದ’ ಎಂದು ಬರೆದಿದ್ದೆ. ಹೊಡೆದು ಹಾಕಿದೆ. ‘ಕಿವಿ ಮಂದ’ ಅಂದರೆ ನಮ್ಮಲ್ಲಿ ಕೇಳಿಸುವುದಿಲ್ಲ ಅಂತ. ಈ ಪರೀಕ್ಷೆ ಕೇಳುವ ಶಕ್ತಿಯದ್ದಲ್ಲ, ಆಯ ತಪ್ಪದೆ ನಿಲ್ಲುವುದಕ್ಕೆ ನೆರವಾಗುವ ಭಾಗದ್ದು. ಸದ್ಯ ‘ಬಲಗಿವಿಯ ಆಯ ಕಡಿಮೆ’ ಎಂದಿಟ್ಟಿದ್ದೇನೆ. ನನಗೇ ಪೂರ್ತಿ ಒಪ್ಪಿಗೆಯಿಲ್ಲ.

ಬೀದರ್ ಕಡೆಯವರಿಗೆ ಒಂದು ಕೇಳ್ವಿ: ತಲೆಸುತ್ತಿಗೆ ನಿಮ್ಮಲ್ಲಿ ‘ಚಕ್ಕರ್’ ಅನ್ನೋದು ಜಾಸ್ತಿಯೋ, ‘ಬವಳಿ’ಯೋ? ಮರಾಠಿಯ ‘ಭೋವಳ’ ಪಕ್ಕದಲ್ಲೇ ಇದೆಯಲ್ಲ. ಹಾಳೆಯ ತಲೆಬರಹಕ್ಕೆ ಒಂದನ್ನು ಆರಿಸಬೇಕು.