29 ಪರ್ಸೆಂಟ್ ಪಾರ್ಲಿಮೆಂಟು ಮತ್ತು ನಮ್ಮ ಹಳೇಮನೆ ಬಳಗ

2025ರ ಮುಂಗಾರು ಅಧಿವೇಶನ ಮುಗಿದ ಮರುದಿನ, ಆಗಸ್ಟ್ 22ರಂದು, ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ನಡುನಡುವೆ ಬಂದ ಗಣಪತಿ ಸ್ಟಿಕರ್‌ಗಳನ್ನು ತೆಗೆದಿದ್ದೇನೆ.

ದೊಡ್ಡಪ್ಪ: (ಫಾರ್ವರ್ಡ್) ಲೋಕಸಭೆ ಕೆಲಸ ಮಾಡಿದ್ದು ಬರೀ ಶೇ. 29!! ನಿಮಿಷಕ್ಕೆ ನಮ್ಮ ತೆರಿಗೆಯ 2.5 ಲಕ್ಷ ರೂಪಾಯಿ ನೀರುಪಾಲು!! ಗಲಾಟೆ ಮಾಡಿದ ಸಂಸದರ ಸಂಬಳ ಕಡಿತ ಮಾಡಿ!!

ಚಿಕ್ಕಪ್ಪ: ನೂರಕ್ಕೆ ನೂರು ಸರಿ ಅಣ್ಣ. ಪಾಠ ಮಾಡದ ಮೇಷ್ಟರಿಗೆ ಸಂಬಳ ಯಾಕೆ?

ಸರೋಜತ್ತೆ: ಮೇಷ್ಟರ ಸುದ್ದಿ ಯಾಕೋ ಇಲ್ಲಿ?

ನಾನು: ದೊಡ್ಡಪ್ಪ, ಆ 2.5 ಲಕ್ಷದ ಲೆಕ್ಕ 2012ರ ಸುಮಾರಿನದು. ಅಂದಿನಿಂದ ಅದೇ ಅಂಕಿ ಊರು ಸುತ್ತುತ್ತಿದೆ. ಶೇ. 29 ಮಾತ್ರ ಹೆಚ್ಚುಕಡಿಮೆ ನಿಜ.

ದೊಡ್ಡಪ್ಪ: ಹಾಗಾದರೆ ಈಗ ಇನ್ನೂ ಜಾಸ್ತಿ ಆಗಿರಬೇಕು. ನನ್ನ ಮಾತಿಗೇ ಬಲ ಬಂತು.

(ದೊಡ್ಡಪ್ಪನನ್ನು ಅಂಕಿಯಲ್ಲಿ ಸೋಲಿಸಿದವರು ನಮ್ಮ ಮನೆಯಲ್ಲಿ ಇನ್ನೂ ಹುಟ್ಟಿಲ್ಲ.)

ನಾನು: 120 ಗಂಟೆ ಚರ್ಚೆ ಆಗಬೇಕಿತ್ತು, ಆಗಿದ್ದು 37. ಆದರೂ ಲೋಕಸಭೆಯಲ್ಲಿ 12 ಮಸೂದೆ ಪಾಸಾಗಿವೆ. ಅಂದರೆ ಸರ್ಕಾರದ ಕೆಲಸ ನಿಲ್ಲಲಿಲ್ಲ. ಹಾಗಾದರೆ ನಿಂತಿದ್ದು ಯಾರ ಕೆಲಸ?

ಸರೋಜತ್ತೆ: ಪ್ರಶ್ನೆ ಕೇಳುವವರ ಕೆಲಸ. ಈ ಸಲ ಚುಕ್ಕೆ ಗುರುತಿನ, ಅಂದರೆ ಸದನದಲ್ಲೇ ಉತ್ತರ ಕೊಡಬೇಕಾದ, 419 ಪ್ರಶ್ನೆ ಪಟ್ಟಿಯಲ್ಲಿದ್ದವು. ಸದನದಲ್ಲಿ ಬಾಯಿಬಿಟ್ಟು ಉತ್ತರ ಕೊಟ್ಟಿದ್ದು 55ಕ್ಕೆ.

ಚಿಕ್ಕಪ್ಪ: ಮಿಕ್ಕಿದ್ದಕ್ಕೆ ಬರೆದು ಕೊಡುತ್ತಾರಲ್ಲ ಅಕ್ಕ. ಎರಡೂ ಒಂದೇ ಅಲ್ವಾ?

ಸರೋಜತ್ತೆ: ಒಂದೇ ಅಲ್ಲ ಕಣೋ. ಬರೆದ ಉತ್ತರ ಇಲಾಖೆಯ ಅಧಿಕಾರಿ ತಯಾರಿಸಿದ್ದು. ಸದನದಲ್ಲಿ ಉತ್ತರ ಕೊಟ್ಟಾಗ ಸಂಸದ ಎದ್ದು ಉಪಪ್ರಶ್ನೆ ಹಾಕುತ್ತಾನೆ ನೋಡು, ಆಗ ಮಂತ್ರಿಯ ಕೈಯಲ್ಲಿರುವ ಕಾಗದದಲ್ಲಿ ಎಲ್ಲ ಇರುವುದಿಲ್ಲ. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಬರುತ್ತದೆ. ವಿಷಯ ತಿಳಿದ ಮಂತ್ರಿ ಯಾರು, ತಿಳಿಯದವರು ಯಾರು ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಅಣ್ಣ, ನಿನ್ನ ಎಲ್‌ಐಸಿ ಕಥೆ ನೀನೇ ಹೇಳು.

ದೊಡ್ಡಪ್ಪ: ಮುಂದ್ರಾ ಹಗರಣ. ಎಲ್‌ಐಸಿ ಹಣವನ್ನು ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳಲ್ಲಿ ಹಾಕಿದ್ದು. ನಾನು ಕೆಲಸಕ್ಕೆ ಸೇರಿದಾಗಲೂ ಹಳಬರು ಅದನ್ನೇ ಹೇಳುತ್ತಿದ್ದರು. 1957ರಲ್ಲಿ ಫಿರೋಜ್ ಗಾಂಧಿ ಸದನದಲ್ಲಿ ಎತ್ತಿದರು. ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು.

ಸರೋಜತ್ತೆ: ಫಿರೋಜ್ ಗಾಂಧಿ ಯಾವ ಪಕ್ಷ?

ದೊಡ್ಡಪ್ಪ: ಕಾಂಗ್ರೆಸ್. ಸ್ವಂತ ಮಾವ ನೆಹರೂ ಅವರ ಸರ್ಕಾರ! ಅದಕ್ಕೇ ಹೇಳಿದ್ದು, ಅವರು ಮಾತಾಡಿದರು, ಕೂಗಾಡಲಿಲ್ಲ. ಇವರು ಫಲಕ ಹಿಡಿದು ಸ್ಪೀಕರ್ ಎದುರಿನ ಬಾವಿಗೆ ಇಳಿಯುತ್ತಾರೆ.

ನಾನು: ವಿರೋಧ ಪಕ್ಷದವರು ಬಿಹಾರದ ಮತದಾರರ ಪಟ್ಟಿ ಪರಿಷ್ಕರಣೆ ಬಗ್ಗೆ ಚರ್ಚೆ ಕೇಳಿದರು, ಕೊಡಲಿಲ್ಲ. ಕೂಗಿದ್ದು ಅದಕ್ಕೆ.

ದೊಡ್ಡಪ್ಪ: ಕೇಸು ಕೋರ್ಟಿನಲ್ಲಿದೆಯಲ್ಲ. ವಕೀಲೆಗೆ ಗೊತ್ತಿಲ್ಲವೇ?

ನಾನು: ಗೊತ್ತಿದೆ. 2010ರ ಚಳಿಗಾಲದ ಅಧಿವೇಶನವೂ ನೆನಪಿದೆ. 2ಜಿ ಹಗರಣದ ತನಿಖೆಗೆ ಜಂಟಿ ಸದನ ಸಮಿತಿ ಬೇಕು ಅಂತ ಇಡೀ ಅಧಿವೇಶನವೇ ಹೋಯಿತು. ಆಗ ಬಾವಿಗೆ ಇಳಿದವರು ಈಗ ಮಂತ್ರಿಗಳ ಸಾಲಿನಲ್ಲಿದ್ದಾರೆ. ಆಗ ನೀವು ಇದೇ ಫಾರ್ವರ್ಡ್ ಕಳಿಸಿದ್ದಿರಾ?

ದೊಡ್ಡಪ್ಪ: ಆಗ ವಾಟ್ಸಾಪ್ ಎಲ್ಲಿತ್ತು?

ವಿನಯ: ಎಲ್ಲರೂ ಇದನ್ನು ಬಿಡಿ. ನನ್ನ ಫ್ಯಾಂಟಸಿ ಕ್ರಿಕೆಟ್ ಹೋಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆ ಆಗಸ್ಟ್ 20ಕ್ಕೆ ಮಂಡನೆ, ಅವತ್ತೇ ಲೋಕಸಭೆಯಲ್ಲಿ ಪಾಸು. 21ಕ್ಕೆ ರಾಜ್ಯಸಭೆ. ಇವತ್ತು ರಾಷ್ಟ್ರಪತಿ ಅಂಕಿತ.

ಚಿಕ್ಕಪ್ಪ: ಒಳ್ಳೆಯದೇ ಆಯಿತು. ಮನೆ ಹಾಳು ಆಟ.

ನಾನು: ಚಿಕ್ಕಪ್ಪ, ಕಾನೂನು ಬೇಡ ಅಂತ ನಾನೂ ಹೇಳುತ್ತಿಲ್ಲ. ಆದರೆ ನಮ್ಮ ರಾಜ್ಯ 2021ರಲ್ಲಿ ಇಂಥದ್ದೇ ನಿಷೇಧ ತಂದಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಕೌಶಲದ ಆಟ ಯಾವುದು, ಜೂಜು ಯಾವುದು, ಜೂಜಿನ ಕಾನೂನು ರಾಜ್ಯದ ಪಟ್ಟಿಯಲ್ಲಿರುವಾಗ ಕೇಂದ್ರ ತರಬಹುದೇ, ಇದನ್ನೆಲ್ಲ ಕರ್ನಾಟಕದ 28 ಲೋಕಸಭಾ ಸಂಸದರಲ್ಲಿ ಒಬ್ಬರಾದರೂ ಎದ್ದು ಕೇಳಬೇಕಿತ್ತು. ಗದ್ದಲದಲ್ಲಿ ಯಾರು ಕೇಳುತ್ತಾರೆ? ಈಗ ಆ ಪ್ರಶ್ನೆಗಳು ನೇರ ಕೋರ್ಟಿಗೆ ಬರುತ್ತವೆ.

ದೊಡ್ಡಪ್ಪ: ನೋಡು, ಗದ್ದಲ ಅಂತ ನೀನೇ ಒಪ್ಪಿಕೊಂಡೆ. ಕೂಗುವುದು ಬಿಟ್ಟು ಕೂತಿದ್ದರೆ ಕೇಳಬಹುದಿತ್ತು.

ನಾನು: ಒಂದೇ ದಿನದಲ್ಲಿ ತಂದು ಪಾಸು ಮಾಡಿದರೆ, ಕೂತವರೂ ಓದಿ ಮುಗಿಸುವುದು ಯಾವಾಗ? ಅದೇ ತಿಂಗಳ 11ರಂದು ಹೊಸ ಆದಾಯ ತೆರಿಗೆ ಮಸೂದೆಯೂ ಕೆಲವೇ ನಿಮಿಷದಲ್ಲಿ ಪಾಸಾಯಿತು. 536 ಸೆಕ್ಷನ್! ಆದರೂ ನನಗೆ ಅದರ ಮೇಲೆ ಅಷ್ಟು ಸಿಟ್ಟಿಲ್ಲ. ಫೆಬ್ರವರಿಯಲ್ಲೇ ಅದರ ಮೊದಲ ಕರಡು 31 ಸಂಸದರ ಸಮಿತಿಗೆ ಹೋಗಿತ್ತು. ಅವರು ತಿಂಗಳುಗಟ್ಟಲೆ ಕೂತು 285 ಸಲಹೆ ಕೊಟ್ಟರು. ಸರ್ಕಾರ ಹಳೆಯದನ್ನು ವಾಪಸು ಪಡೆದು ತಿದ್ದಿ ತಂದಿತು. ಎರಡೂ ಮಸೂದೆ ನಿಮಿಷದಲ್ಲಿ ಪಾಸಾದವು. ಒಂದನ್ನು ಸಾಲುಸಾಲು ಓದಿದವರಿದ್ದರು, ಇನ್ನೊಂದಕ್ಕೆ ಇರಲಿಲ್ಲ. ನಿಮ್ಮ ಶೇ. 29ರಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಸರೋಜತ್ತೆ: ಸಮಿತಿಯಲ್ಲಿ ಕ್ಯಾಮೆರಾ ಇರುವುದಿಲ್ಲ. ಕೂಗಿ ಪ್ರಯೋಜನವಿಲ್ಲ, ಅದಕ್ಕೇ ಎಲ್ಲ ಪಕ್ಷದವರೂ ಅಲ್ಲಿ ಕೆಲಸ ಮಾಡುತ್ತಾರೆ. ಕಳೆದ ಲೋಕಸಭೆಯಲ್ಲಿ ಸಮಿತಿಗೆ ಹೋದದ್ದು ನೂರಕ್ಕೆ 16 ಮಸೂದೆ. ಮನಮೋಹನ್ ಸಿಂಗ್ ಅವರ ಎರಡನೇ ಅವಧಿಯಲ್ಲಿ 71.

ಚಿಕ್ಕಪ್ಪ: ಅಕ್ಕ, ಇದೆಲ್ಲ ಬಾಯಿಪಾಠವೇ?

ಸರೋಜತ್ತೆ: 30 ವರ್ಷ ಪೌರನೀತಿ ಪಾಠ ಮಾಡಿದ್ದು ಸುಮ್ನೆ ಅಲ್ಲ.

ಮಂಜು (ಲೀಡ್ಸ್): ಇಲ್ಲಿ ಒಂದು ಅಧಿವೇಶನದಲ್ಲಿ 20 ದಿನ ವಿರೋಧ ಪಕ್ಷಗಳಿಗೇ ಮೀಸಲು. ಆ ದಿನ ಏನು ಚರ್ಚೆ ಅಂತ ಅವರೇ ತೀರ್ಮಾನಿಸುತ್ತಾರೆ. ಬುಧವಾರ ಪ್ರಧಾನಿ ಉತ್ತರ ಕೊಡಬೇಕು. ಕೂಗಾಟ ಇಲ್ಲೂ ಇದೆ, ಆದರೆ ಕಲಾಪ ಮುಂದೂಡಿ ಮನೆಗೆ ಹೋಗುವುದಿಲ್ಲ.

ದೊಡ್ಡಪ್ಪ: ಅಂಥ 20 ದಿನ ಇಲ್ಲೂ ಕೊಡಲಿ, ನನ್ನ ತಕರಾರಿಲ್ಲ. ಆದರೆ ಸಹಿ ಹಾಕಿ ದಿನಕ್ಕೆ 2,500 ಭತ್ಯೆ ತೆಗೆದುಕೊಂಡು ಕಾಗದ ಹರಿಯುವವನಿಗೆ ಭತ್ಯೆ ಕಡಿತ ಆಗಲೇಬೇಕು.

ನಾನು: ಭತ್ಯೆ ಕಡಿತ ಮಾಡಿ, ಒಪ್ಪಿದೆ. ಓದದೆ ಪಾಸು ಮಾಡಿಸುವವರಿಗೆ ಏನು ಶಿಕ್ಷೆ?

ಸರೋಜತ್ತೆ: ಅದಕ್ಕೂ ಮೊದಲು ಉಪ ಸ್ಪೀಕರ್ ಕುರ್ಚಿ ತುಂಬಲಿ. 2019ರಿಂದ ಖಾಲಿ.

ದೊಡ್ಡಪ್ಪ: ಏನು? ಆರು ವರ್ಷದಿಂದಲಾ? ಕಡ್ಡಾಯ ಅಲ್ಲವಾ ಅದು?

ಸರೋಜತ್ತೆ: ಸಂವಿಧಾನದ 93ನೇ ವಿಧಿ. ಆದಷ್ಟು ಬೇಗ ಆರಿಸಬೇಕು ಅಂತಿದೆ. ಗಡುವು ಹಾಕಿಲ್ಲ.

ವಿನಯ: ನನ್ನ ಆಟಕ್ಕೆ ಮಾತ್ರ ಎರಡೇ ದಿನ ಸಾಕಾಯಿತು.