ಮೈನರ್ ಲೀಗ್ ಹುಡುಗರ ಬ್ಯಾಟಿಂಗ್ ಲೆಕ್ಕ: ಶೀಟ್‌ನಲ್ಲಿ ಯಾವ ಕಾಲಂ ಇಡಬೇಕು?

ಹೊಂಡದ ಸರ್ಕಲ್, ದಾವಣಗೆರೆ
ಅಮೆರಿಕದ ಮೈನರ್ ಲೀಗ್‌ನಲ್ಲಿ, ಅಂದರೆ ಮೇಜರ್ ಲೀಗ್‌ಗೆ ಆಟಗಾರರನ್ನ ಬೆಳೆಸುವ ಕೆಳಹಂತದಲ್ಲಿ, ಲೋ-ಎ (ಕೆಳಗಿನ ಮೆಟ್ಟಿಲು) ಮತ್ತು ಡಬಲ್-ಎ (ಅದಕ್ಕಿಂತ ಮೇಲಿನದು) ಆಡುವ 12 ಬೇಸ್‌ಬಾಲ್ ಹುಡುಗರ ಲೆಕ್ಕ ದಿನಾ ಗೂಗಲ್ ಶೀಟ್‌ನಲ್ಲಿ ಬರೀತಿದ್ದೀನಿ. ಸದ್ಯ ಇರೋದು ಸರಾಸರಿ (ಹಿಟ್ ಅನ್ನ ಅಟ್-ಬ್ಯಾಟ್‌ನಿಂದ ಭಾಗಿಸಿದ್ದು), ಹೋಮ್ ರನ್, ಆರ್‌ಬಿಐ (ಇವರ ಹೊಡೆತದಿಂದ ಬಂದ ರನ್) ಅಷ್ಟೇ. ಈ ವಾರ ಮೇಲಿದ್ದವನು ಮುಂದಿನ ವಾರ ತಳದಲ್ಲಿ. ಲೋ-ಎ ಹುಡುಗನೊಬ್ಬನ ಲೆಕ್ಕ ನೋಡಿ: 92 ಪಿಎ (ಪ್ಲೇಟ್ ಅಪಿಯರೆನ್ಸ್, ಬ್ಯಾಟ್ ಹಿಡಿದು ನಿಂತ ಒಟ್ಟು ಸರದಿ), 80 ಅಟ್-ಬ್ಯಾಟ್ (ವಾಕ್, ಸ್ಯಾಕ್ರಿಫೈಸ್, ಮೈಗೆ ಬಿದ್ದದ್ದು ಬಿಟ್ಟು ಉಳಿದ ಸರದಿ), 28 ಹಿಟ್ (ಹೊಡೆದು ಬೇಸ್ ತಲುಪಿದ್ದು), 2 ಹೋಮ್ ರನ್, 10 ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಮೊದಲ ಬೇಸ್), 26 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್), 1 ಸ್ಯಾಕ್ರಿಫೈಸ್ ಫ್ಲೈ (ಕ್ಯಾಚ್ ಆದರೂ ರನ್ ತಂದ ಹೊಡೆತ), ಒಂದು ಸಲ ಚೆಂಡು ಮೈಗೆ. ಸರಾಸರಿ 0.350. ಇವನು ನಿಜಕ್ಕೂ ಬೆಳೀತಿದ್ದಾನಾ? ಎಷ್ಟು ದಿನ ಕಾಯಬೇಕು?

ಕೋಟೆನಾಡು, ಚಿತ್ರದುರ್ಗ
ಮೊದಲು ಆರ್‌ಬಿಐ ಕಾಲಂ ಅಳಿಸಿ ಸಾರ್. ಅದು ಇವನಿಗಿಂತ ಮೊದಲು ಆಡಿದ ಬ್ಯಾಟರ್‌ಗಳು ಬೇಸ್ ಮೇಲೆ ಇದ್ದರೋ ಇಲ್ಲವೋ ಅನ್ನೋದನ್ನ ಹೇಳುತ್ತೆ, ಇವನ ಬಗ್ಗೆ ಏನೂ ಹೇಳಲ್ಲ.

ಆಮೇಲೆ ಬ್ಯಾಬಿಪ್ ಲೆಕ್ಕ ಹಾಕಿ, ಅಂದರೆ ಬ್ಯಾಟಿಗೆ ಸಿಕ್ಕಿ ಮೈದಾನದೊಳಗೆ ಬಿದ್ದ ಚೆಂಡಿನಲ್ಲಿ ಹಿಟ್ ಆದದ್ದು ಎಷ್ಟು ಅನ್ನೋದು; ಅದೃಷ್ಟ ಎಷ್ಟಿದೆ ಅಂತ ಕಾಣೋದು ಇಲ್ಲೇ. ಹಿಟ್‌ನಿಂದ ಹೋಮ್ ರನ್ ಕಳೆದರೆ 26. ಕೆಳಗೆ 80ರಿಂದ 26 ಸ್ಟ್ರೈಕ್‌ಔಟ್, 2 ಹೋಮ್ ರನ್ ಕಳೆದು 1 ಸ್ಯಾಕ್ರಿಫೈಸ್ ಫ್ಲೈ ಕೂಡಿಸಿದರೆ 53. ಭಾಗಿಸಿದರೆ 0.491. ಮೇಜರ್ ಲೀಗ್‌ನಲ್ಲಿ ಇದು 0.300ರ ಆಸುಪಾಸು ಇರುತ್ತೆ. ಲೋ-ಎನಲ್ಲಿ ಫೀಲ್ಡಿಂಗ್ ಕಚ್ಚಾ, ಸ್ವಲ್ಪ ಹೆಚ್ಚಿರುತ್ತೆ. ಧಾರಾಳವಾಗಿ 0.340 ಅಂತ ಕೊಟ್ಟರೂ 18 ಹಿಟ್, ಜೊತೆಗೆ 2 ಹೋಮ್ ರನ್, ಒಟ್ಟು 20. ಸರಾಸರಿ 0.250ಕ್ಕೆ ಬಂತು! ನಮ್ಮ ವಾಣಿವಿಲಾಸ ಸಾಗರ 1933 ಆದಮೇಲೆ ಕೋಡಿ ಬಿದ್ದಿದ್ದು 2022ರಲ್ಲಿ. ಒಂದು ವರ್ಷ ಕೋಡಿ ಬಿತ್ತು ಅಂತ ಮರುವರ್ಷವೂ ನೀರು ನಂಬಿ ಭತ್ತ ಹಾಕೋಕಾಗುತ್ತಾ?

ನೋಡಬೇಕಾದ ಸಂಖ್ಯೆ 26 ಸ್ಟ್ರೈಕ್‌ಔಟ್. 92ಕ್ಕೆ ಶೇ 28. ಲೋ-ಎನಲ್ಲೇ ಇಷ್ಟಾದರೆ ಡಬಲ್-ಎ ಪಿಚರ್ (ಎಸೆಯುವವನು) ಸ್ಲೈಡರ್, ಅಂದರೆ ಕೊನೆಗೆ ಪಕ್ಕಕ್ಕೆ ತಿರುಗುವ ಎಸೆತ, ಹಾಕಿದಾಗ ಕಷ್ಟ. ವಾಕ್ ಶೇ 11 ಹತ್ತಿರ ಇದೆ, ಅದು ಸಮಾಧಾನ.

ಹರಿಹರದ ಲೆಕ್ಕಿಗ
ಮೇಲಿನದು ಸರಿ, ಆದರೆ ಒಂದೊಂದು ಸಂಖ್ಯೆಗೂ ಒಂದೊಂದು ಕಾಯುವ ಅವಧಿ ಇದೆ. ಸ್ಟ್ರೈಕ್‌ಔಟ್ ಪ್ರಮಾಣ ಸುಮಾರು 60 ಪಿಎಗೆ ಅರ್ಥ ಕೊಡೋಕೆ ಶುರುವಾಗುತ್ತೆ, ವಾಕ್ 120ಕ್ಕೆ. ಹೊಡೆತದ ಬಲ ತೋರಿಸುವ ಐಎಸ್‌ಒ, ಅಂದರೆ ಸ್ಲಗಿಂಗ್‌ನಿಂದ (ಒಂದು ಅಟ್-ಬ್ಯಾಟ್‌ಗೆ ಹೊಡೆತದಿಂದ ಸಿಕ್ಕ ಬೇಸ್) ಸರಾಸರಿ ಕಳೆದದ್ದು, ಸುಮಾರು 160 ಅಟ್-ಬ್ಯಾಟ್ ಕೇಳುತ್ತೆ. ಬ್ಯಾಬಿಪ್ ಒಂದು ಸೀಸನ್‌ನಲ್ಲೂ ನಿಲ್ಲಲ್ಲ. ಇವೆಲ್ಲ ಮೇಜರ್ ಲೀಗ್ ಲೆಕ್ಕದಿಂದ ಬಂದವು, ಮೈನರ್‌ನಲ್ಲಿ ಇನ್ನೂ ಸ್ವಲ್ಪ ತಾಳಿ.

ಹಾಗಾಗಿ ದಿನದ ಲೆಕ್ಕ ಬಿಟ್ಟು ಕೊನೆಯ 100 ಪಿಎ ಜಾರುವ ಕಿಟಕಿ ಇಡಿ, ಹೊಸದು ಸೇರಿದ ಹಾಗೆ ಹಳೆಯದು ಹೊರಗೆ ಹೋಗಲಿ. ದಿನಾ ಆಡುವವನಿಗೆ ವಾರಕ್ಕೆ 20-25 ಪಿಎ ಸಿಗುತ್ತೆ, 100 ಆಗೋಕೆ ನಾಲ್ಕೈದು ವಾರ ಬೇಕು. ಮೇಲಿನ ಹಂತಕ್ಕೆ ಹೋದ ದಿನ ಹೊಸ ಸಾಲು ಶುರು ಮಾಡಿ, ಹಳೆಯದಕ್ಕೆ ಕೂಡಿಸಬೇಡಿ. ಮೊದಲ 100ರಲ್ಲಿ ಸ್ಟ್ರೈಕ್‌ಔಟ್ ಏರೋದು ಸಹಜ. ಎರಡನೇ 100ರಲ್ಲಿ ಇಳೀತಾ ಇಲ್ವಾ, ಬೆಳವಣಿಗೆ ಗೊತ್ತಾಗೋದು ಅಲ್ಲೇ.

ವಯಸ್ಸಿನ ಕಾಲಂ ಕಡ್ಡಾಯ. ಲೋ-ಎ ಬ್ಯಾಟರ್‌ಗಳ ಸರಾಸರಿ ವಯಸ್ಸು 21ರ ಆಸುಪಾಸು, ಡಬಲ್-ಎನಲ್ಲಿ 24ರ ಹತ್ತಿರ. ಡಬಲ್-ಎನಲ್ಲಿ 20ರವನು 0.250 ಹೊಡೆದರೆ ಖುಷಿಪಡಿ. 25ರವನು ಅಲ್ಲೇ 0.300 ಹೊಡೆದರೆ ಅನುಮಾನಪಡಿ.

ಹೊಂಡದ ಸರ್ಕಲ್, ದಾವಣಗೆರೆ
ಧನ್ಯವಾದ. ಬೇರೆ ಬೇರೆ ಲೀಗ್‌ನವರನ್ನ ಒಂದೇ ಶೀಟ್‌ನಲ್ಲಿ ಹೋಲಿಸೋದು ಹೇಗೆ?

ಕೋಟೆನಾಡು, ಚಿತ್ರದುರ್ಗ
ಡಬ್ಲ್ಯೂಆರ್‌ಸಿ ಪ್ಲಸ್ ಹಾಕಿ, ಬ್ಯಾಟರ್ ತಂಡಕ್ಕೆ ಎಷ್ಟು ರನ್ ತರುತ್ತಾನೆ ಅಂತ ಲೀಗ್‌ಗೆ ಹೋಲಿಸಿ ಹೇಳುವ ಸಂಖ್ಯೆ ಅದು. ಆ ಲೀಗ್‌ನ ಸರಾಸರಿ ಬ್ಯಾಟರ್ ಅಂದರೆ 100, 120 ಅಂದರೆ ಶೇ 20 ಮೇಲು. ಲೋ-ಎ ಹಂತದ ಫ್ಲಾರಿಡಾ ಸ್ಟೇಟ್ ಲೀಗ್‌ನಲ್ಲಿ ದೊಡ್ಡ ಮೈದಾನ, ಗೋಡೆ ದಾಟಿಸೋದು ಕಷ್ಟ. ಟ್ರಿಪಲ್-ಎನಲ್ಲಿ (ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗೆ) ಆಡುವ ಆಲ್ಬುಕರ್ಕಿ ಊರು ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರ, ಅಲ್ಲಿ ಸುಮ್ಮನೆ ಎತ್ತಿದ್ದೂ ಗೋಡೆ ದಾಟುತ್ತೆ. ಮ್ಯಾಟ್ ಮೇಲಿನ ರನ್ನೂ ಟರ್ಫ್ ಮೇಲಿನ ರನ್ನೂ ಒಂದೇ ಅಲ್ಲ ಅಂತಾರಲ್ಲ, ಹಾಗೆ.

ಡಬಲ್-ಎ ಹಂತದ ಸದರ್ನ್ ಲೀಗ್‌ನ 2023ರ ಅಂಕಿ ಇದ್ದರೆ ಪಕ್ಕದಲ್ಲಿ ಗುರುತು ಹಾಕಿ. ಸೀಸನ್‌ನ ಮೊದಲ ಭಾಗದಲ್ಲಿ ಮೊದಲೇ ಅಂಟು ಸವರಿದ ಚೆಂಡು ಬಳಸಿದ್ದರು, ಪಿಚರ್‌ಗೆ ಹಿಡಿತ ಹೆಚ್ಚಾಗಿ ಸ್ಟ್ರೈಕ್‌ಔಟ್ ಏರಿತ್ತು.

ಹರಿಹರದ ಲೆಕ್ಕಿಗ
ಟ್ರಿಪಲ್-ಎಗೆ ಮತ್ತು ಫ್ಲಾರಿಡಾ ಸ್ಟೇಟ್ ಲೀಗ್‌ಗೆ ಬೇಸ್‌ಬಾಲ್ ಸಾವಂತ್ ಅನ್ನೋ ಅಂಕಿಅಂಶದ ಜಾಲತಾಣದಲ್ಲಿ ಬ್ಯಾಟಿನಿಂದ ಹೊರಟ ಚೆಂಡಿನ ವೇಗ ಸಿಗುತ್ತೆ. ಗಂಟೆಗೆ 95 ಮೈಲಿ, ಅಂದರೆ ಸುಮಾರು 153 ಕಿ.ಮೀ. ದಾಟಿದ ಹೊಡೆತ ಎಷ್ಟು ಅಂತ ಬರೆದಿಡಿ. ಉಳಿದ ಲೀಗ್‌ಗಳಿಗೆ ಪ್ರತಿ ಪಿಚ್ ವಿವರ ನೋಡಿ ಬೀಸಿ ತಪ್ಪಿದ್ದು ಎಷ್ಟು ಅಂತ ಕೈಯಲ್ಲೇ ಎಣಿಸಬೇಕು, ಬೇಜಾರಿನ ಕೆಲಸ.

ಐಎಸ್‌ಒ ದಿಢೀರ್ ಬಿದ್ದರೆ ಮೊದಲು ಗಾಯದ ಪಟ್ಟಿ ನೋಡಿ. ಅಂಗೈ ಬುಡದ ಹೇಮೇಟ್ ಮೂಳೆಗೆ ಬ್ಯಾಟ್ ಹಿಡಿಯ ಗುಬುಟು ಒತ್ತಿ ಒಡೆಯುತ್ತೆ. ಶಸ್ತ್ರಚಿಕಿತ್ಸೆ ಆಗಿ ಹುಡುಗ ಬೇಗ ಆಟಕ್ಕೆ ಮರಳಿದರೂ ಹೊಡೆತದ ಬಲ ಮರಳೋಕೆ ತಿಂಗಳುಗಳೇ ಬೇಕಾಗಬಹುದು.

ದಿನಾ ತುಂಬುವ ಅಗತ್ಯವೂ ಇಲ್ಲ. ಸರಣಿ ಮಂಗಳವಾರದಿಂದ ಭಾನುವಾರ, ಆರು ಪಂದ್ಯ, ಸೋಮವಾರ ಸಾಮಾನ್ಯವಾಗಿ ರಜೆ. ಅಲ್ಲಿನ ಭಾನುವಾರದ ಆಟ ನಮಗೆ ಸೋಮವಾರ ಬೆಳಿಗ್ಗೆ ಮುಗಿಯುತ್ತೆ. ಸೋಮವಾರ ರಾತ್ರಿ ಊಟ ಆದಮೇಲೆ ಕೂತರೆ ಇಡೀ ವಾರದ್ದು ಒಂದೇ ಸಲಕ್ಕೆ ತುಂಬಬಹುದು.